ಇಲಿ ಒಯ್ದ ಮೂರು ಆಲೂಗಡ್ಡೆ

ವಿಕ್ರೋಳಿ, ಬುಧವಾರ

ಸಾಧನಾ ಮೇಡಂ ಅವರಿಗೆ ಗ್ರೀನ್‌ಹೌಸ್ ವಾಚ್‌ಮನ್ ಗುರಲಿಂಗಪ್ಪನ ನಮಸ್ಕಾರ.

ಪರೀಕ್ಷೆ ಮುಗಿಸಿ ಸುಡಬೇಕಿದ್ದ ನಿಮ್ಮ ಹೊಸ ತಳಿಯ ಆಲೂಗಡ್ಡೆಯಲ್ಲಿ ಮೂರು ಕಡಿಮೆ ಬಂದಾಗಿನಿಂದ ಎಲ್ಲರ ಕಣ್ಣೂ ನನ್ನ ಚೀಲದ ಮೇಲಿದೆ. ಇಲಿ ಒಯ್ದಿರಬೇಕು ಮೇಡಂ.

ಆದರೆ ನನಗೂ ನಿಮ್ಮ ಮೇಲೆ ಅನುಮಾನವಿದೆ. ಕಚ್ಚಿದ ಹುಳ ಸಾಯುವಂತೆ ಆ ಆಲೂಗಡ್ಡೆಯೊಳಗೆ ಏನು ಸೇರಿಸಿದ್ದೀರಿ? ಒಳ್ಳೆಯದಾಗಿದ್ದರೆ ಸುಡುವುದೇಕೆ? ತಿಂದ ಇಲಿಗೆ ಏನೂ ಆಗುವುದಿಲ್ಲವೇ? ಅದೀಗ ಏಳು ತಿಂಗಳ ಬಸುರಿ. ಸೋಮವಾರ ಉಪವಾಸವೆಂದು ಸಾಬೂದಾಣಿ ಖಿಚಡಿಗೆ ಎರಡನ್ನು ಹಾಕಿಕೊಂಡು ತಿಂದಿದೆ.

“ಖರೇ ಹೇಳ್ರಿ, ಬಟಾಟಿ ಎಲ್ಲಿಂದ ತಂದ್ರಿ?” ಎಂದು ನನ್ನ ಹೆಂಡತಿ ಮಲ್ಲಕ್ಕ ಕೇಳುತ್ತಲೇ ಇದ್ದಾಳೆ. ಕುರ್ಲಾ ಮಾರ್ಕೆಟ್ಟಿನಿಂದ ಎಂದಿದ್ದೇನೆ.

ಉಳಿದ ಒಂದನ್ನು ಪತ್ರದ ಜೊತೆಗಿಟ್ಟಿದ್ದೇನೆ. ನೌಕರಿ ಹೋದರೆ ಹೋಗಲಿ, ಅವಳು ಮತ್ತೆ ಕೇಳುವುದರೊಳಗೆ ಅಪಾಯವಿದೆಯೋ ಇಲ್ಲವೋ ನಿಜ ತಿಳಿಸಿ.

ಇವತ್ತಿನವರೆಗೆ ನಿಮ್ಮ ವಾಚ್‌ಮನ್,
ಗುರಲಿಂಗಪ್ಪ