ಹಾಸ್ಟೆಲಿನ ಮಂಚ

ಅತ್ತಿಗೆಯವರಿಗೆ ನಮಸ್ಕಾರ.

ಮಗಳ ಹೈಸ್ಕೂಲು ಏನಾಯ್ತು ಅಂತ ಕೇಳಿದ್ರಿ. ನಿಮ್ಮ ತಮ್ಮ ಲಾರಿ ಮೇಲೆ ಹೋದವರು ಇನ್ನೂ ಬಂದಿಲ್ಲ. ಹಾಗಾಗಿ ಹೊಲಿಗೆ ನಿಲ್ಲಿಸಿ ನಾನೇ ಅವಳ ಜೊತೆ ಶಾಲೆ ಶಾಲೆ ಸುತ್ತಿದೆ.

ಸರಕಾರಿ ಶಾಲೆ ಹತ್ತಿರ, ಗಣಿತಕ್ಕೆ ಮಾತ್ರ ಮೇಷ್ಟ್ರಿಲ್ಲ. ಆಮೇಲೆ ಅನುದಾನಿತ ಶಾಲೆಗೆ ಹೋದ್ವಿ; ಅನುದಾನಿತ ಅಂದ್ರೆ ಸಂಬಳ ಸರಕಾರದ್ದು, ದರ್ಬಾರು ಆಡಳಿತ ಮಂಡಳಿಯದ್ದು ಅಂತ ಅಲ್ಲಿನ ಜವಾನ ಬಿಡಿಸಿ ಹೇಳಿದ. ಖಾಸಗಿ ಶಾಲೆಯಲ್ಲಿ ಮಗಳಿಗೂ ಸಂದರ್ಶನ, ನನಗೂ ಸಂದರ್ಶನ. ಇಬ್ಬರೂ ಫೇಲು.

ವಸತಿ ಶಾಲೆ ಬೇಡವೇ ಬೇಡ, ಅದು ದಿಕ್ಕಿಲ್ಲದ ಮಕ್ಕಳಿಗೆ ಅಂದಿದ್ರಿ. ನಾನೂ ಹಾಗೇ ಅಂದ್ಕೊಂಡಿದ್ದೆ. ದಾರೀಲಿ ಸಿಕ್ತು ಅಂತ ಒಳಗೆ ಹೋದ್ವಿ. ವಾರ್ಡನ್ ಒಂದು ಮಂಚ ತೋರಿಸಿ, "ಕೂತು ನೋಡು ಮಗು" ಅಂದ್ರು. ನಾನೂ ವಾರ್ಡನ್ನೂ ಅಡುಗೆಮನೆ ನೋಡಿ ಬರೋಷ್ಟರಲ್ಲಿ ಇವಳು ಚಪ್ಪಲಿ ಸಮೇತ ಮಲಗಿ ನಿದ್ದೆ ಹೋಗಿದ್ಲು. ಎಬ್ಬಿಸೋಕೆ ಭುಜ ಮುಟ್ಟಿದೆ. ಕಣ್ಣು ಬಿಡದೇನೇ, "ಬಂದೆ ಅಜ್ಜಿ" ಅಂದ್ಲು.

ಅತ್ತಿಗೆ, ನಿಮ್ಮ ಅಮ್ಮ ರಾತ್ರಿಯೆಲ್ಲ ಕೂಗ್ತಾರೆ. ನಾನು ಮಷೀನು ಬಿಟ್ಟು ಏಳೋಷ್ಟರಲ್ಲಿ ಇವಳೇ ಎದ್ದಿರ್ತಾಳೆ. ಕ್ಲಾಸಿನಲ್ಲಿ ತೂಕಡಿಸಿ ಬೈಸಿಕೊಳ್ತಾಳಂತೆ, ಮನೇಲಿ ಬಾಯಿ ಬಿಡಲ್ಲ.

ಯಾವ ಶಾಲೆ ಮೇಲು ಅಂತ ನನಗೆ ಈಗಲೂ ತಿಳಿದಿಲ್ಲ. ವಸತಿ ಶಾಲೆಗೆ ಸೇರಿಸಿದ್ದೀನಿ. ಅವಳು ಹೊರಡೋ ಮೊದಲು ನೀವೊಮ್ಮೆ ಬನ್ನಿ. ಬರುವಾಗ ಏನೂ ತರಬೇಡಿ, ಹೋಗುವಾಗ ಕೈ ತುಂಬ ಇರುತ್ತೆ. ಅಮ್ಮನ ಬಟ್ಟೆ, ಮಾತ್ರೆ, ಊರುಗೋಲು ಎಲ್ಲ ಕಟ್ಟಿಟ್ಟಿದ್ದೀನಿ.

ನಿದ್ದೆಗಣ್ಣಲ್ಲಿ ಬರೆದದ್ದು, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಿಮ್ಮ ತಮ್ಮನ ಹೆಂಡತಿ