ಚಿಕ್ಕಿ ಕೂರುವ ದಿಕ್ಕು

11 ಫೆಬ್ರವರಿ 1981, ಸಂಜೆ

ಇವತ್ತೂ ಹಾಲಿನ ಡೈರಿ ಹತ್ತಿರ ಚೈನ್ ಕಳಚಿತು. ಸೈಕಲ್ಲನ್ನು ಸೊಂಟಕ್ಕೆ ಆನಿಸಿಕೊಂಡು ಹೇಗೋ ಹಾಕಿದೆ. ಮೂಗಿಗೆ ಗ್ರೀಸ್ ಮೆತ್ತಿದ್ದು ಅಕ್ಕನ ಕೂಸು ಚಿಕ್ಕಿಯ ನಗುವಿನಿಂದ ಗೊತ್ತಾಯಿತು.

ಅವಳ ಬೆತ್ತದ ಸೀಟು ಸೈಕಲ್ಲಿನ ಮುಂದಿನ ಬಾರಿನ ಮೇಲೆ. ಅವಳ ಬೆನ್ನು ಹ್ಯಾಂಡಲ್ ಕಡೆಗೆ, ಮುಖ ನನ್ನ ಕಡೆಗೆ. ದಾರಿಯುದ್ದಕ್ಕೂ ಮಾತಾಡುತ್ತೇನೆ. ಪರೀಕ್ಷೆಗೆ ಉರು ಹೊಡೆದ ಹಳಗನ್ನಡ ಪದ್ಯ, ಬೆಟ್ಟದ ನೆತ್ತಿಯ ಮೋಡ, ಎದುರು ಬಂದವರ ಮೀಸೆ... ಇಂಟರ್‌ವ್ಯೂನಲ್ಲಿ ಸ್ವಂತ ಹೆಸರು ಹೇಳಲೂ ತಡವರಿಸುತ್ತೇನೆ. ಇವಳ ಮುಂದೆ ಹಾಗಾಗುವುದಿಲ್ಲ.

ಅಕ್ಕ ಇವಳನ್ನು ಹೆತ್ತ ಬಾಣಂತನದಲ್ಲೇ ಹೋದಳು. ಅಂದಿನಿಂದ ಕೂಸು ನಮ್ಮಲ್ಲೇ. ನಡೆಯುವಂತಾದ ಮೇಲೆ ಭಾವ ಪಾವಗಡಕ್ಕೆ, ಅವರಮ್ಮನ ಹತ್ತಿರ ಕರೆದುಕೊಂಡು ಹೋಗುವುದೆಂದು ಮಾತಾಗಿದೆ.

ನಡೆಯಲು ಇನ್ನೂ ತುಂಬಾ ದಿನ ಇದೆ.

15 ಫೆಬ್ರವರಿ, ಭಾನುವಾರ

ಭಾವ ಬಂದಿದ್ದರು. ಲೈನ್‌ಮನ್ ಕೆಲಸ, ಕಂಬ ಹತ್ತಿ ಹತ್ತಿ ಅಂಗೈ ಒರಟಾಗಿದೆ. ಆ ಕೈ ಸೋಕಿದ್ದಕ್ಕೋ, ಮುಖ ಹೊಸದೆಂದೋ ಚಿಕ್ಕಿ ಅತ್ತಳು. ನನ್ನ ಕಡೆ ಬಾಗಿದಳು. ಎತ್ತಿಕೊಂಡೆ. ಅವರು ಖಾಲಿಯಾದ ಕೈಗಳನ್ನು ಜೇಬಿಗೆ ಹಾಕಿಕೊಂಡು ಸೈಕಲ್ ನೋಡುತ್ತಾ ನಿಂತರು.

"ಮುಂದಕ್ಕೆ ತಿರುಗ್ಸಿ ಹಾಕಯ್ಯ. ಕೂಸಿಗೆ ನಿನ್ ಮಕ ಬಿಟ್ರೆ ಇನ್ನೇನೂ ಕಾಣಾಕಿಲ್ಲ."

ಕತ್ತು ಇನ್ನೂ ಗಟ್ಟಿಯಾಗಿಲ್ಲ, ಹಳ್ಳದಲ್ಲಿ ಚಕ್ರ ಇಳಿದರೆ ಮುಂದಕ್ಕೆ ಮುಗ್ಗರಿಸುತ್ತಾಳೆ ಎಂದೆ. ಹೌದೆನ್ನುವಂತೆ ತಲೆಯಾಡಿಸಿದರು. ಮಕ್ಕಳ ವಿಷಯ ನನಗೆ ಹೆಚ್ಚು ಗೊತ್ತೆಂದು ನಂಬಿದ್ದಾರೆ.

ಕತ್ತು ನಿಂತು ಎಷ್ಟೋ ದಿನವಾಯಿತು.

9 ಮಾರ್ಚ್

ಸೈಕಲ್ ಶಾಪಿನ ಗಂಗಹನುಮಯ್ಯನೂ ಅದನ್ನೇ ಕೇಳಿದ. ಸೀಟು ತಿರುಗಿಸುವುದು ಎರಡು ನಟ್ಟಿನ ಕೆಲಸವಂತೆ. "ಕೂಸು ಕಂಬಿ ಹಿಡ್ಕಂಡು ನೆಟ್ಟಗೆ ಕುಂತ್ಕತದೆ. ಇನ್ಯಾವಾಗ ತಿರುಗ್ಸದು ಬಿ.ಎ. ನೋರೆ, ಲಗ್ನಕ್ಕಾ?"

ಧೂಳಿನ ಕಾಲ, ಕಣ್ಣಿಗೆ ಬೀಳುತ್ತದೆ ಎಂದೆ.

5 ಏಪ್ರಿಲ್, ಯುಗಾದಿ

ಭಾವ ಹಳದಿ ಫ್ರಾಕ್ ತಂದರು. ತೊಡಿಸಲು ಹೋದರೆ ಕೈ ತೂರಲಿಲ್ಲ. ಬಹಳ ಚಿಕ್ಕದು. ಅವರ ಕಣ್ಣಲ್ಲಿ ಕೂಸು ಇನ್ನೂ ಅಷ್ಟೇ ಇದೆ.

ಎತ್ತಿಕೊಳ್ಳಲು ಬಂದರೆ ಚಿಕ್ಕಿ ಉಸಿರು ಕಟ್ಟುವಂತೆ ಕಿರುಚಿದಳು. ಅವರು ಅಂಗಳಕ್ಕೆ ಹೋದರು. ಅಲ್ಲಿಂದಲೇ "ಬಂಗಾರು... ಬಂಗಾರು..." ಎಂದು ಕರೆದರು, ಅವರಮ್ಮ ತೆಲುಗಿನಲ್ಲಿ ಕರೆಯುವ ಹಾಗೆ. ಅವಳು ನನ್ನ ಹೆಗಲಲ್ಲಿ ಮುಖ ಹುದುಗಿಸಿದಳು.

ಊಟಕ್ಕೆ ಎದ್ದಾಗ ಅವ್ವನಿಗೆ ಹೇಳಿದರಂತೆ: ಇನ್ನೊಂದಷ್ಟು ದಿನ ಇಲ್ಲೇ ಇರಲಿ, ಬಲವಂತ ಬೇಡ.

ಖುಷಿಯಾಯಿತು. ಹೋಳಿಗೆ ಎರಡು ಜಾಸ್ತಿ ತಿಂದೆ. ಇದನ್ನು ಬರೆಯಬಾರದಿತ್ತು.

ಫ್ರಾಕನ್ನು ಅವರು ವಾಪಸ್ ಬ್ಯಾಗಿಗೆ ಹಾಕಿಕೊಂಡು ಹೋದರು.

21 ಜೂನ್

ಮೇನಲ್ಲಿ ಭಾವ ಬರಲಿಲ್ಲ. ಈ ತಿಂಗಳೂ ಇಲ್ಲ. ಗಾಳಿ ಮಳೆಗೆ ಲೈನ್ ಬೀಳುವ ಕಾಲ, ರಜ ಸಿಕ್ಕಿರುವುದಿಲ್ಲ ಎಂದೆ. ಅವ್ವ ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಿದಳು.

"ಕೆಲ್ಸ ಅಲ್ಲ ಕಣ್ಲಾ. ಮಗ್ಳು ದೆವ್ವ ಕಂಡಂಗೆ ಕಿರುಚಿದ್ರೆ ಯಾವಪ್ಪ ಬಂದಾನು?"

ಅವ್ವ ಹೀಗೆ ಒಂದೇ ಸಲ ಹೇಳಿ ಬಿಟ್ಟುಬಿಡುತ್ತಾಳೆ. ಆಮೇಲೆ ಮೊರದ ಸದ್ದು.

12 ಜುಲೈ

ನಡೆದಳು. ನಡುಮನೆ ಕಂಬದಿಂದ ನನ್ನವರೆಗೆ, ಎರಡೂ ಕೈ ಮೇಲೆತ್ತಿಕೊಂಡು. ಬೀಳುವ ಹೊತ್ತಿಗೆ ಹಿಡಿದೆ.

ಭಾವನಿಗೆ ಒಂದು ಕಾರ್ಡು ಬರಿ ಎಂದಳು ಅವ್ವ. ನಾಳೆ ಎಂದೆ.

29 ಜುಲೈ, ಸಂಜೆ

ಕಾರ್ಡು ಬರೆದಿಲ್ಲ. ಇವತ್ತು ಬ್ರೇಕ್ ಸರಿಮಾಡುತ್ತಾ ಗಂಗಹನುಮಯ್ಯ ಸುಮ್ಮನೆ ಕೇಳಿದ, ನಿಮ್ಮ ಭಾವ ಚೆನ್ನಾಗಿದ್ದಾರಾ ಎಂದು. ಬಂದು ಬಹಳ ದಿನವಾಯಿತು ಎಂದೆ. ಸ್ಪ್ಯಾನರ್ ಕೆಳಗಿಟ್ಟ.

ಬಂದಿದ್ದರಂತೆ. ಮೇನಲ್ಲಿ ಒಮ್ಮೆ, ಜೂನ್‌ನಲ್ಲಿ ಒಮ್ಮೆ. ಬಸ್‌ಸ್ಟ್ಯಾಂಡಿನಿಂದ ಅವನ ಅಂಗಡಿಯವರೆಗೆ. ನಾವು ಹಾಲಿಗೆ ಬರುವ ಹೊತ್ತಿಗೆ ಸರಿಯಾಗಿ ಅಂಗಡಿಯೊಳಗೆ, ಟಯರ್ ನೇತುಹಾಕಿದ್ದರ ಹಿಂದೆ ನಿಂತುಕೊಂಡರಂತೆ. ನಾವು ಹಾದುಹೋದ ಮೇಲೆ ಮುಂದಿನ ಬಸ್ಸಿಗೆ ವಾಪಸ್.

"ಕೂಗ್ಲಾ ಅಂದೆ. ಬ್ಯಾಡ, ಮಗಾ ನಗ್ತಾ ಐತೆ, ನಾನ್ ಹೋದ್ರೆ ಅಳ್ತದೆ ಅಂದ್ರು ಸಾ."

ಮನೆಗೆ ಬಂದ ಮೇಲೂ ಅದೇ ಯೋಚನೆ. ಆ ಅಂಗಡಿಗೆ ನಾವು ಎದುರಿನಿಂದ ಬರುತ್ತೇವೆ. ಚಿಕ್ಕಿಯ ಮುಖ ನನ್ನ ಕಡೆಗೆ. ಅವರಿಗೆ ಕಂಡಿದ್ದು ಕುಲಾವಿಯ ಹಿಂಭಾಗ. ನಗು ಕೇಳಿಸಿರುತ್ತದೆ. ಮುಖ ಕಂಡಿಲ್ಲ.

ಪಾವಗಡದಿಂದ ಬಸ್ಸು ಹತ್ತಿ ಬಂದು — ಬೆನ್ನು ನೋಡಿಕೊಂಡು ಹೋದರು.

30 ಜುಲೈ, ಬೆಳಿಗ್ಗೆ

ಸೀಟು ತಿರುಗಿಸಿದೆ. ಎರಡೇ ನಟ್ಟು. ಕಾರ್ಡನ್ನೂ ಡಬ್ಬಕ್ಕೆ ಹಾಕಿ ಬಂದೆ. ನಡೆಯುತ್ತಾಳೆ, ಬನ್ನಿ ಎಂದಷ್ಟೇ ಬರೆದೆ. ಉಳಿದದ್ದನ್ನು ಬರೆಯಲು ಕಾರ್ಡಿನಲ್ಲಿ ಜಾಗವಿತ್ತು. ಧೈರ್ಯ ಇರಲಿಲ್ಲ.

3 ಆಗಸ್ಟ್

ದಿನವೂ ಅಳು. ಕತ್ತು ತಿರುಗಿಸಿ ತಿರುಗಿಸಿ ನನ್ನನ್ನು ಹುಡುಕುತ್ತಾಳೆ. ಒಂದು ಕೈ ಬಿಟ್ಟು ತಲೆ ಸವರುತ್ತಾ ತುಳಿಯುತ್ತೇನೆ. ಮಾತು ಹೊರಡುತ್ತಿಲ್ಲ. ಬೆನ್ನಿಗೆ ಪದ್ಯ ಹೇಳುವುದು ಹೇಗೆ?

14 ಆಗಸ್ಟ್

ಇವತ್ತು ಎಮ್ಮೆ ಕಂಡು ಕೈ ಬಡಿದಳು. ತಿರುಗಿ ನೋಡಲಿಲ್ಲ. ದಾರಿಯವರೆಲ್ಲ ಅವಳ ಮುಖ ನೋಡಿ ನಗುತ್ತಾರೆ. ಹಾಲು ಹಾಕುವ ಸರಸಮ್ಮ, ನಾಲ್ಕು ಹಲ್ಲು ಬಿಟ್ಟು ಎಷ್ಟು ಚಂದ ನಗ್ತದೆ ಎಂದಳು. ನಾನೊಬ್ಬನೇ ನೋಡಲಿಲ್ಲ.

6 ಸೆಪ್ಟೆಂಬರ್, ಭಾನುವಾರ

ಭಾವ ಬರುತ್ತೇನೆಂದು ಬರೆದಿದ್ದರು. ಬಸ್‌ಸ್ಟ್ಯಾಂಡಿಗೇ ಕರೆದುಕೊಂಡು ಹೋದೆ. ಅವರು ಇಳಿದು, ನಮ್ಮನ್ನು ಕಂಡು, ದೂರದಲ್ಲೇ ನಿಂತುಬಿಟ್ಟರು. ಸೈಕಲ್ ತಳ್ಳಿಕೊಂಡು ನಾನೇ ಹತ್ತಿರ ಹೋದೆ. ಈಗ ಅಳುತ್ತಾಳೆ, ಈಗ ಅಳುತ್ತಾಳೆ... ನನಗೆ ಕಾಣುತ್ತಿದ್ದುದು ಕುಲಾವಿ ಮಾತ್ರ. ಭಾವನ ಮುಖ ನೋಡಿದೆ. ಮೊದಲು ಹೆದರಿಕೆ ಇತ್ತು. ಆಮೇಲೆ ತುಟಿ ಸಡಿಲವಾಯಿತು. ಕಣ್ಣು ತುಂಬಿತು. ಚಿಕ್ಕಿ ನಕ್ಕಳೆಂದು ಹಾಗೆ ಗೊತ್ತಾಯಿತು.

ಚೀಪಿದ ರಸ್ಕನ್ನು ಅವರ ಕಡೆ ಚಾಚಿದಳು. ಅವರು ಅದನ್ನು ಇಸಿದುಕೊಂಡು ಅಲ್ಲೇ, ಜನರ ನಡುವೆ, ತಿಂದರು.

ರಾತ್ರಿ ಬಸ್ಸಿನವರೆಗೂ ಬಾಗಿಲಿಂದ ಕಂಬಕ್ಕೆ, ಕಂಬದಿಂದ ಬಾಗಿಲಿಗೆ ಅವಳನ್ನು ನಡೆಸಿದರು. ಮೊದಲ ಹೆಜ್ಜೆ ಯಾವಾಗ ಇಟ್ಟಳು ಎಂದು ಕೇಳಿದರು. ಜುಲೈ ಎಂದೆ. ಓ ಎಂದರು. ಬೈದಿದ್ದರೆ ವಾಸಿಯಿತ್ತು.

18 ಅಕ್ಟೋಬರ್, ಭಾನುವಾರ

ಇವತ್ತು ಕರೆದುಕೊಂಡು ಹೋದರು. ಈಚೆಗೆ ಪ್ರತಿ ಭಾನುವಾರ ಬರುತ್ತಿದ್ದರು. ಚಿಕ್ಕಿ ಅವರ ಕೊರಳು ತಬ್ಬಿಕೊಂಡೇ ಬಸ್ಸು ಹತ್ತಿದಳು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಭಾವ ಪಾವಗಡದಲ್ಲಿ ಸೈಕಲ್ ತಗೊಂಡಿದ್ದಾರೆ. ಬೆಳಿಗ್ಗೆ ನಾನೇ ಸೀಟು ಬಿಚ್ಚಿ, ನಟ್ಟುಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೊಟ್ಟೆ. ಅವರು ಸೀಟನ್ನು ಅತ್ತ ಇತ್ತ ಹೊರಳಿಸಿ ನೋಡಿದರು. ನನ್ನನ್ನು ಕೇಳಿದರು, ಇನ್ನೂ ನನಗೇ ಹೆಚ್ಚು ಗೊತ್ತೆಂಬಂತೆ:

"ಯಾವ್ ಕಡೀಕೆ ಹಾಕ್ಲಯ್ಯ?"

ಮುಂದಕ್ಕೆ ಎನ್ನಬೇಕಿತ್ತು. ದೊಡ್ಡವಳಾಗಿದ್ದಾಳೆ, ಎಮ್ಮೆ, ಲಾರಿ ಎಲ್ಲ ನೋಡಬೇಕು.

"ನಿಮ್ ಕಡೆ ಮುಖ ಮಾಡಿ ಹಾಕಿ ಭಾವ," ಎಂದೆ. "ಸ್ವಲ್ಪ ದಿನ ಹಂಗೇ ಇರ್ಲಿ."

ಅವರು ನನ್ನ ಭುಜದ ಮೇಲೆ ಆ ಒರಟು ಕೈ ಇಟ್ಟರು. ಅವರಿಗೆ ಎಷ್ಟು ಗೊತ್ತಿತ್ತೋ.

19 ಅಕ್ಟೋಬರ್, ಸಂಜೆ

ಹಾಲಿಗೆ ಹೋಗಿ ಬಂದೆ. ಬಾರಿನ ಮೇಲೆ ಸೀಟು ಕೂತಿದ್ದ ಕಡೆ ಬಣ್ಣ ಹೋಗಿದೆ. ಗಂಗಹನುಮಯ್ಯ ಕೈ ಎತ್ತಿದ. ಎಮ್ಮೆಗಳು ಅಡ್ಡ ಬಂದವು. ನೋಡು ಚಿಕ್ಕಿ ಎಂದು ಬಾಯಿ ತೆಗೆದು —