ಗಾಳಿ ತೆಗೆಯುವವಳು

ಅಪ್ಪಾ,

ಹಿಮದ ಮೇಲೆ ಜಾರುವ ನನ್ನ ಸ್ಕೀ ಹಲಗೆಗಳು ಸಿದ್ಧವಾದವು! ಎರಡನ್ನೂ ಅಚ್ಚಿನಿಂದ ಬಿಡಿಸಿ ಗೋಡೆಗೆ ಒರಗಿಸಿದ್ದೇನೆ. ಬರೆಯುವಾಗಲೂ ಕಣ್ಣು ಅತ್ತಲೇ ಹೋಗುತ್ತಿದೆ.

ನಿನ್ನೆ ಮಾತ್ರ ಜೀವ ಬಾಯಿಗೆ ಬಂದಿತ್ತು. ತೆಳು ಮರ, ಗಾಜಿನ ನಾರಿನ ಬಟ್ಟೆ, ಅಂಟು ಎಲ್ಲವನ್ನೂ ಅಚ್ಚಿನ ಮೇಲೆ ಪದರ ಪದರವಾಗಿ ಹಾಸಿ, ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಪಂಪಿನಿಂದ ಒಳಗಿನ ಗಾಳಿ ಎಳೆಯತೊಡಗಿದೆ. ಚೀಲ ಬಿಗಿದುಕೊಂಡರೆ ತಾನೆ ಪದರಗಳು ಒತ್ತಿ ಒಂದಾಗುವುದು? ಅದು ಸಡಿಲವಾಗಿಯೇ ಇತ್ತು. ಎಲ್ಲೋ ತೂತು! ಅಂಟು ಗಟ್ಟಿಯಾಗುವುದರೊಳಗೆ ಸಿಗದಿದ್ದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಸೋಪಿನ ನೀರು ತರಲು ಓಡಿದೆ. ಅರ್ಧ ದಾರಿಯಲ್ಲಿ ಹೊಳೆಯಿತು: ನಿನ್ನ ಪಂಕ್ಚರ್ ಅಂಗಡಿಯ ಟ್ಯೂಬಿನಲ್ಲಿ ಗಾಳಿ ಹೊರಗೆ ಬರುತ್ತದೆ, ನನ್ನ ಚೀಲದಲ್ಲಿ ಒಳಗೆ ಹೋಗುತ್ತದೆ. ಗುಳ್ಳೆ ಏಳುವುದೆಲ್ಲಿಂದ, ಮಣ್ಣು!

ಪಂಪ್ ನಿಲ್ಲಿಸಿ, ನೀನು ಮಾಡುವ ಹಾಗೆಯೇ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಅಂಚಿನುದ್ದಕ್ಕೂ ಕಿವಿಯಿಟ್ಟೆ. ಒಂದು ಮೂಲೆಯಲ್ಲಿ ಸಣ್ಣಗೆ ‘ಸುಯ್’ ಅಂದಿತು. ಹೆಬ್ಬೆರಳಿನಿಂದ ಟೇಪ್ ಒತ್ತಿ ಪಂಪ್ ಹಾಕಿದ್ದೇ ತಡ, ಚೀಲ ಒದ್ದೆ ಅಂಗಿಯಂತೆ ಹಲಗೆಯ ಮೈಗಂಟಿಕೊಂಡಿತು!

ನಾನು ಮನೆಯಿಂದ ಹೊರಟ ದಿನ ನೀನು, “ಗಾಳಿಗೆ ಗುದ್ದಿ ಮೈ ನೋಯಿಸ್ಕೋತೀಯ, ಹೋಗು” ಅಂದಿದ್ದೆ. ಅದು ಇರಲಿ. ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಸ್ಕೀ ಎಷ್ಟು ಬಗ್ಗಬೇಕು ಅನ್ನುವುದು ಅದರ ಮೇಲೆ ನಿಲ್ಲುವವರ ಭಾರಕ್ಕೆ ತಕ್ಕಂತೆ. ಮುಂದಿನ ಜೋಡಿಗೆ ಮರ ಕೊಯ್ದಾಗಿದೆ. ಮೈ ನೋಯದ ಹಾಗೆ ಹಿಮದಲ್ಲಿ ಬೀಳುವುದನ್ನು ನಾನೇ ಕಲಿಸುತ್ತೇನೆ. ನೀನು ನಿನ್ನ ತೂಕ ಬರೆದು ಕಳಿಸು. ಅಮ್ಮನಿಗೆ ಹೇಳುವ ತೂಕವಲ್ಲ, ನಿಜವಾದದ್ದು.

ಇಂತಿ,
ಗಾಳಿ ತುಂಬುವವನ ಮಗಳು